ಎಡಕ್ಕೆ ಬಿದ್ದ ಚುಂಗು

ಮೊದಲು ಜಾರಿದ್ದು ರುಮಾಲಿನ ತುದಿ.

ಔರಾದ್ ತಾಲ್ಲೂಕಿನ ಎಕಂಬಾದಲ್ಲಿ, ನನ್ನ ತವರುಮನೆಯ ಅಂಗಳದಲ್ಲಿ, ಅಣ್ಣ ಮಾಳಪ್ಪ ಬೆಳಗಿನ ಚಹಾ ಮುಗಿಸಿ ರುಮಾಲು ಸುತ್ತಿಕೊಳ್ಳುತ್ತಿದ್ದ. ಇನ್ನೇನು ಕುರಿಗಳನ್ನು ಬಿಡಬೇಕು. ಬಲಗೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡ. ಮತ್ತೆ ಬಿತ್ತು. ಅವನ ಹೆಂಡತಿ, ನಮ್ಮ ವೈನಿ, ನಕ್ಕರು. ಇನ್ನೊಮ್ಮೆ ಬಗ್ಗಿದವನು ಮೇಲೇಳಲಿಲ್ಲ.

ಲಕ್ವಾ ಹೊಡೆದಿತ್ತು.

ಇದನ್ನು ನಾನು ಕಂಡಿಲ್ಲ, ವೈನಿ ಹೇಳಿದ್ದು. ನಾನು ಬೀದರ್‌ನಲ್ಲಿ ಪತ್ರಿಕೆಯೊಂದರ ಸುದ್ದಿ ತಿದ್ದುವ ಡೆಸ್ಕ್‌ನಲ್ಲಿ ಕೆಲಸ ಮಾಡುತ್ತೇನೆ. ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರೆ ಮಾಡಿ ಬರೆಯುವುದು ಅಲ್ಲಿನ ರೂಢಿ. ಅಣ್ಣನ ವಿಷಯದಲ್ಲೂ ಹಾಗೆಯೇ ಬರೆಯಲು ನೋಡುತ್ತೇನೆ.

ನಾನು ಕಂಡದ್ದು ಆ್ಯಂಬುಲೆನ್ಸ್‌ನಿಂದ ಇಳಿಸಿದ ಸ್ಟ್ರೆಚರ್. ಅಣ್ಣನ ಬಾಯಿ ಒಂದು ಕಡೆ ವಾಲಿತ್ತು. ಔರಾದ್‌ನಲ್ಲಿ ಇಂಜೆಕ್ಷನ್ ಕೊಟ್ಟು ಬೀದರ್‌ಗೆ ಕಳಿಸಿದ್ದರು. ಸಿಟಿ ಸ್ಕ್ಯಾನ್ ಆಯಿತು. ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದರು.

“ಮೆದುಳಿನ ಎಡಭಾಗದಲ್ಲಿ ಕ್ಲಾಟ್ ಆಗಿದೆ. ಜೀವಕ್ಕೆ ಈಗ ಅಪಾಯ ಕಾಣ್ತಿಲ್ಲ. ಬಲಗೈ ಎಷ್ಟು ವಾಪಸ್ ಬರುತ್ತೋ ಈಗಲೇ ಹೇಳಲಿಕ್ಕೆ ಆಗಲ್ಲ.”

ವಾರ್ಡ್‌ನಲ್ಲಿ ಎಚ್ಚರವಾದ ಮೇಲೆ ಅಣ್ಣ ಎಡಗೈಯಿಂದ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡ. ಚಳಿ ಎಂದು ನಾನು ಫ್ಯಾನ್ ಆರಿಸಿದೆ. ಮತ್ತೆ ಎಳೆದುಕೊಂಡ. ಅರ್ಥವಾದದ್ದು ವೈನಿಗೆ. ಚೀಲದಿಂದ ರುಮಾಲು ತೆಗೆದು ಅವನ ತಲೆಗೆ ಸುಮ್ಮನೆ ಹೊದಿಸಿದರು. ಅಣ್ಣ ಕಣ್ಣು ಮುಚ್ಚಿದ.

ಅವನ ಬರಿತಲೆಯನ್ನು ಊರು ನೋಡಿದ್ದೇ ಇಲ್ಲ. ಪಕ್ಕದ ಮನೆಗೆ ಬೆಂಕಿಪೊಟ್ಟಣ ಕೇಳಲು ಹೋಗುವಾಗಲೂ ರುಮಾಲು ಇರಬೇಕು. ನಾನು ಸಣ್ಣವಳಿದ್ದಾಗ ಅದನ್ನು ಸುತ್ತಿಕೊಳ್ಳಲು ಅವನಿಗೆ ನನ್ನ ನೆರವು ಬೇಕಿತ್ತು. ಉದ್ದನೆಯ ಬಟ್ಟೆಯ ಒಂದು ತುದಿ ಹಿಡಿದು ನಾನು ಅಂಗಳದ ಆಚೆ ನಿಲ್ಲುವುದು. ಅವನು ಸುತ್ತಿಕೊಳ್ಳುತ್ತಾ ಹೋದ ಹಾಗೆ ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಬರುವುದು. ನಾನು ಬೇಗ ಬಂದರೆ ಸುತ್ತು ಸಡಿಲವಾಗುತ್ತಿತ್ತು, ತಡ ಮಾಡಿದರೆ ಅವನ ತಲೆಯೇ ನನ್ನ ಕಡೆ ವಾಲುತ್ತಿತ್ತು. ಕೊನೆಗೆ ಉಳಿದ ತುದಿ, ಅಂದರೆ ಚುಂಗು, ಬಲ ಕಿವಿಯ ಹಿಂದೆ ಇಳಿಯುತ್ತಿತ್ತು. ಯಾವತ್ತೂ ಬಲಕ್ಕೇ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಇಬ್ಬರೂ ಕೆಲವು ವಾರ ಬೀದರ್‌ನ ನಮ್ಮ ಮನೆಯಲ್ಲಿದ್ದರು. ಮಾತು ತಿರುಗಿ ಬಂತು, ತುಸು ತೊದಲಿನೊಂದಿಗೆ. ಕಾಲು ನೆಲ ಹಿಡಿಯಿತು, ಎಳೆದುಕೊಂಡಾದರೂ. ಕೈ ಬರಲಿಲ್ಲ. ಮಡಿಸಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾ ಫಿಜಿಯೋಥೆರಪಿಸ್ಟ್ ಹೇಳಿದರು: “ಊರಿಗೆ ಹೋದರೂ ವಾರವಾರ ಬರಲೇಬೇಕು. ಬಿಟ್ಟರೆ ಹೀಗೇ ಗಟ್ಟಿಯಾಗುತ್ತದೆ.”

ಎಕಂಬಾದಿಂದ ಬೀದರ್‌ಗೆ ವಾರವಾರ ಇಬ್ಬರು ಬಂದು ಹೋಗುವುದು ಸುಲಭವಲ್ಲ. ಹಿಂಡನ್ನು ದಾಯಾದಿಯೊಬ್ಬರು ತಮ್ಮ ಕುರಿಗಳ ಜೊತೆ ಮೇಯಿಸುತ್ತಿದ್ದರು; ಅದು ಎಷ್ಟು ದಿನ? ಅಂಗವೈಕಲ್ಯದ ಕಾರ್ಡ್ ಆದರೆ ಬಸ್ ಪಾಸ್ ಸಿಗುತ್ತದೆ, ಮಾಸಾಶನಕ್ಕೆ ಅರ್ಜಿ ಹಾಕಬಹುದು. ಆಗ ಥೆರಪಿ ನಿಲ್ಲುವುದಿಲ್ಲ. ಅರ್ಜಿಯನ್ನು ನಾನೇ ತುಂಬಿದೆ. ಬೇರೆಯವರ ಅರ್ಜಿಗಳ ಸುದ್ದಿಯನ್ನು ಎಷ್ಟೋ ಸಲ ತಿದ್ದಿದವಳು. ಅಣ್ಣನನ್ನು ಕೇಳಿದೆ, ಅವನು ಹೇಳಿದ್ದನ್ನು ಬರೆದೆ.

ತಪಾಸಣೆಯ ದಿನ ಅವನು ಮದುವೆಗೆ ಹೊರಟವನಂತೆ ಬೀದರ್ ಆಸ್ಪತ್ರೆಗೆ ಬಂದ. ಇಸ್ತ್ರಿ ಧೋತರ, ಬಿಳಿ ಅಂಗಿ, ಬಿಗಿಯಾಗಿ ಸುತ್ತಿದ ರುಮಾಲು. ಸರ್ಕಾರಿ ಕೆಲಸಕ್ಕೆ ಹೋಗುವಾಗ ಚೆಂದ ಕಾಣಬೇಕು ಎಂಬುದು ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಬಂದ ಪದ್ಧತಿ. ವೈನಿ ಜೊತೆಗೆ ಒಳಗೆ ಹೊರಟರು.

“ನೀ ಬ್ಯಾಡ. ನಾ ಹೇಳ್ತೇನಿ,” ಅಂದ.

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಪ್ರಶ್ನೆಗಳು ಕೇಳಿಸುತ್ತಿದ್ದವು. ಕೈ, ಕಾಲು ಎತ್ತಿಸಿ ನೋಡಿದರು. ಆಮೇಲೆ, ಸ್ನಾನ ನೀವೇ ಮಾಡ್ತೀರಾ? “ಮಾಡ್ತೇನ್ರೀ.” ಬಟ್ಟೆ? “ನಾನೇ ಹಾಕ್ಕೋತೇನ್ರೀ.” ಊಟ? “ಅದೇನ್ರೀ ಸಾಹೇಬ್ರೆ, ಊಟ ಮಾಡ್ಲಾಕ ಬರಂಗಿಲ್ಲಂದ್ರ ಹ್ಯಾಂಗ?” ಡಾಕ್ಟರ್ ನಕ್ಕದ್ದೂ ಕೇಳಿಸಿತು.

ಅಣ್ಣ ಗೆದ್ದವನಂತೆ ಹೊರಗೆ ಬಂದ.

“ಭಾಳ ಸುಧಾರಿಸೀರಿ ಅಂದ್ರು ಸಾಹೇಬ್ರು,” ಎಂದು ವೈನಿಗೆ ಹೇಳಿದ.

ಸರ್ಟಿಫಿಕೇಟ್‌ನಲ್ಲಿ ಬಂದ ಅಂಗವೈಕಲ್ಯದ ಪ್ರಮಾಣ ಮಾಸಾಶನಕ್ಕೆ ಸಾಲುತ್ತಿರಲಿಲ್ಲ. ಲಕ್ವಾದಲ್ಲಿ ಕೈಕಾಲಿನ ಬಲವನ್ನಷ್ಟೇ ಅಲ್ಲ, ದಿನದ ಕೆಲಸಕ್ಕೆ ಇನ್ನೊಬ್ಬರ ನೆರವು ಎಷ್ಟು ಬೇಕು ಎಂಬುದನ್ನೂ ನೋಡುತ್ತಾರೆ. ಡಾಕ್ಟರರ ತಪ್ಪಿಲ್ಲ. ಕೇಳಿದ್ದಕ್ಕೆ ಉತ್ತರ ಸಿಕ್ಕಿತ್ತು, ದಾಖಲಿಸಿದ್ದರು. ನಾನಾದರೂ ಅಷ್ಟನ್ನೇ ಮಾಡುತ್ತಿದ್ದೆ.

ಎರಡು ವಾರ ಥೆರಪಿ ತಪ್ಪಿತು. ಹೆಬ್ಬೆರಳು ಅಂಗೈಯೊಳಗೆ ಸೇರಿಕೊಂಡಿತು.

ಆಗ ವೈನಿಯೇ ಭಾಲ್ಕಿಯ ಮಾತೆತ್ತಿದರು. ಅವರ ತವರು ಅದು. ಅದೇ ಓಣಿಯಲ್ಲಿ ಸುಜಾತಾ ಟೀಚರ್ ಇದ್ದಾರೆ, ನಿವೃತ್ತರು. ಚಿಕ್ಕಂದಿನ ಪೋಲಿಯೋದಿಂದ ಒಂದು ಕಾಲಿಗೆ ಕಬ್ಬಿಣದ ಕ್ಯಾಲಿಪರ್ ಆಸರೆ. ಭಾನುವಾರ ಬೆಳಿಗ್ಗೆ ಮನೆಯ ಪಡಸಾಲೆಯಲ್ಲಿ ಕೂತು, ಬಂದವರಿಗೆಲ್ಲ ಇಂಥ ಅರ್ಜಿ ಬರೆದುಕೊಡುತ್ತಾರೆ. ನಾವು ಹೋದಾಗ ಬುದ್ಧನ ಪಟದ ಕೆಳಗಿನ ಬೆಂಚಿನಲ್ಲಿ ನಾಲ್ಕಾರು ಜನ ಕಾಯುತ್ತಿದ್ದರು.

“ಬರ್ರಿ ಅಳಿಯನೋರೇ,” ಎಂದರು ಟೀಚರ್. “ನಮ್ಮ ಓಣಿ ಹುಡುಗಿಗಿ ಒಯ್ದವ್ರು ಈಕಡಿ ಮಾರೀನೇ ತೋರಿಸಿಲ್ಲ.”

“ಒಯ್ದಿದ್ದೇನೋ ನಾನೇರಿ. ಈಗ ಅಕೀನೇ ನಂಗ ಹೊತ್ಕೊಂಡ್ ತಿರಗ್ಲತ್ತಾಳ.”

ಟೀಚರ್ ನಗುತ್ತಲೇ ಸರ್ಟಿಫಿಕೇಟ್ ಓದಿದರು. ನಾನು ತುಂಬಿದ್ದ ಅರ್ಜಿಯ ನಕಲನ್ನೂ ಓದಿದರು. ಎರಡನ್ನೂ ಪಕ್ಕಕ್ಕಿಟ್ಟರು. ಅಣ್ಣನಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಅವರು ಕೇಳಲೇ ಇಲ್ಲ.

“ನಿಮ್ದು ಬಿಡ್ರಿ. ಇಕಿ ಮುಂಜಾನಿ ಎದ್ದು ಏನೇನ್ ಮಾಡ್ತಾಳ, ಅದು ಹೇಳ್ರಿ.”

ಅಣ್ಣನ ಮುಖ ಅರಳಿತು. ತನ್ನ ಬಗ್ಗೆ ಒಂದು ಮಾತಿಗೆ ಒಂದು ಮಾತು ಆಡುವವನು, ವೈನಿಯನ್ನು ಹೊಗಳಲು ಯಾವತ್ತೂ ಬಿಗುಮಾನ ಮಾಡಿದವನಲ್ಲ.

“ಏನ್ ಮಾಡಂಗಿಲ್ಲ ಅಂತ ಕೇಳ್ರಿ! ನಸುಕಿನಾಗ ಏಳ್ತಾಳ. ನಂಗ ಕೈ ಕೊಟ್ಟು ಕೂಡಸ್ತಾಳ. ಬಚ್ಚಲತನಾ ಹೆಗಲು ಕೊಡ್ತಾಳ. ಮೈಮ್ಯಾಲ ನೀರು ಹಾಕ್ತಾಳ. ಧೋತ್ರ ಉಡಸ್ತಾಳ. ಅಂಗಿ ಗುಂಡಿ ಹಾಕ್ತಾಳ. ರೊಟ್ಟಿ ಮುರ್ದು, ಪಲ್ಯಾ ಹಚ್ಚಿ, ಎಡಗೈಗಿ ಸಿಗಂಗ ಇಡ್ತಾಳ. ನಾ ಎಡಗೈಲೆ ಉಣ್ಣೋದು ಯಾರರೇ ನೋಡ್ಯಾರಂತ ಬಾಗಲಾ ಮುಂದ ಮಾಡ್ತಾಳ...”

“ಸಾಕ್ ಮಾಡ್ರಿ,” ಎಂದರು ವೈನಿ. “ಎಲ್ಲಾ ಹೆಂಗಸ್ರೂ ಮಾಡ್ತಾರ.”

“ಎಲ್ಲಾರೂ ಮಾಡಂಗಿಲ್ಲ. ನೀ ಸುಮ್ಕಿರು.”

ಟೀಚರ್ ತಲೆ ಎತ್ತದೆ ಬರೆಯುತ್ತಿದ್ದರು. ಬರೆಯುತ್ತಲೇ ಕೇಳಿದರು: “ರುಮಾಲ?”

ಅಣ್ಣ ಎಡಗೈಯಿಂದ ರುಮಾಲನ್ನು ಮುಟ್ಟಿ ನೋಡಿಕೊಂಡ.

“ರುಮಾಲ ಅವರೇ ಸುತ್ಕೋತಾರ್ರಿ,” ಎಂದರು ವೈನಿ. ಸ್ವಲ್ಪ ಬೇಗ ಅಂದರು.

ಆಗ ನಾನು ನೋಡಿದೆ. ಚುಂಗು ಎಡಕ್ಕಿತ್ತು.

ಡೆಸ್ಕ್‌ನಲ್ಲಿ ಚಿತ್ರಗಳನ್ನು ಅಚ್ಚಿಗೆ ಬಿಡುವ ಮೊದಲು ಅವು ಎಡಬಲ ಉಲ್ಟಾ ಬಿದ್ದಿಲ್ಲವಷ್ಟೇ ಎಂದು ನೋಡುತ್ತೇವೆ. ಸೀರೆಯ ಸೆರಗು ಯಾವ ಹೆಗಲ ಮೇಲಿದೆ, ಗಡಿಯಾರ ಯಾವ ಕೈಗಿದೆ. ಎದುರು ಕೂತಿದ್ದ ಅಣ್ಣ ನನಗೆ ಉಲ್ಟಾ ಬಿದ್ದ ಚಿತ್ರದಂತೆ ಕಂಡ. ವೈನಿ ಎದುರಿಗೆ ನಿಂತು ಸುತ್ತುತ್ತಾರೆ. ಅವರ ಬಲಕ್ಕೆ ಬಿದ್ದದ್ದು ಅವನ ಎಡ. ಇಷ್ಟು ತಿಂಗಳು ಪ್ರತಿ ಬೆಳಿಗ್ಗೆ, ಯಾರಿಗೂ ಕಾಣದ ಹಾಗೆ, ಗಂಡಸಿನ ರುಮಾಲನ್ನು ಹೆಂಗಸೊಬ್ಬಳು ಸುತ್ತಿದ್ದಳು. ಊರಿಗೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ.

ಹೇಳಬೇಕೆ? ಅದು ನಾನು ಹೇಳುವ ಮಾತಲ್ಲ ಅನಿಸಿತು.

ಟೀಚರ್ ಒತ್ತಾಯ ಮಾಡಲಿಲ್ಲ. ಪೆನ್ ಕೆಳಗಿಟ್ಟು, “ಮದಲ್ ಚಹಾ ಕುಡೀರಿ,” ಅಂದರು. ಚಹಾ ಬಂತು. ವೈನಿ ತಮ್ಮ ಲೋಟ ಮುಟ್ಟದೆ ಅಣ್ಣನದನ್ನು ಬಶಿಗೆ ಸುರಿದು, ಊದಿ, ಅವನ ಎಡಗೈ ಬಳಿ ಹಿಡಿದರು. ಮಾತಾಡುತ್ತಲೇ ಮಾಡಿದರು; ಮಾಡಿದ್ದು ಅವರಿಗೇ ಗೊತ್ತಿರಲಿಲ್ಲ. ಅಣ್ಣ ಬಶಿ ತೆಗೆದುಕೊಳ್ಳದೆ ಆ ಕೈಯನ್ನೇ ನೋಡುತ್ತಾ ಕೂತ.

“ಟೀಚರ್, ಬರಕೊಳ್ರಿ,” ಅಂದ. “ರುಮಾಲನೂ ಇಕೀನೇ ಸುತ್ತತಾಳ. ಬಾಗಲಾ ಹಾಕ್ಕೊಂಡು.”

ಬೆಂಚಿನಲ್ಲಿದ್ದವರೂ ಇತ್ತ ತಿರುಗಿದರು. ವೈನಿ ತಲೆ ತಗ್ಗಿಸಿದರು.

“ಅದರೇ ಸೀದಾ ಸುತ್ತತಾಳೇನು? ಚುಂಗ ಎಡಕ್ಕ ಬಿಡ್ತಾಳ. ಕುರಿಗೋಳು ಸುದ್ದಾ ಇಂವ ಬ್ಯಾರೆ ಯಾರೋ ಅಂತ ನೋಡ್ಲತ್ತಾವ.”

“ಹಂಗಾರ ನಾಳಿಂದ ಕುರಿಗೋಳ ಕಡಿಂದೇ ಸುತ್ತಿಸ್ಕೋರಿ,” ಎಂದರು ವೈನಿ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಅಂದರು.

ಪಡಸಾಲೆಯೆಲ್ಲ ನಕ್ಕಿತು. ಟೀಚರ್ ಎಲ್ಲರಿಗಿಂತ ಜೋರಾಗಿ.

ಮರುತಪಾಸಣೆಗೆ ಅರ್ಜಿ ತಯಾರಾಯಿತು. ಟೀಚರ್ ಅದರಲ್ಲಿ ‘ಆಗುವುದಿಲ್ಲ’ ಎಂಬ ಮಾತನ್ನು ಆದಷ್ಟು ಕಡಿಮೆ ಬಳಸಿದ್ದರು. ‘ಪತ್ನಿ ಸ್ನಾನ ಮಾಡಿಸುತ್ತಾರೆ. ಪತ್ನಿ ಬಟ್ಟೆ ಉಡಿಸುತ್ತಾರೆ. ಪತ್ನಿ ರುಮಾಲು ಸುತ್ತುತ್ತಾರೆ.’ ಓದಿ ನೋಡಿ ಎಂದು ನನಗೆ ಕೊಟ್ಟರು. ಬೇರೆ ದಿನವಾಗಿದ್ದರೆ, ಒಂದೇ ಪದ ಇಷ್ಟು ಸಲ ಬಂದಿದೆಯೆಂದು ಗುರುತು ಹಾಕುತ್ತಿದ್ದೆ. ಹಾಗೇ ಮರಳಿಸಿದೆ.

ಸಹಿ ಹಾಕುವ ಜಾಗದಲ್ಲಿ ಅಣ್ಣ ಎಡ ಹೆಬ್ಬೆರಳು ಒತ್ತಿದ. ಅವನಿಗೆ ಸಹಿ ಬರುತ್ತಿತ್ತು. ಬಲಗೈಯಲ್ಲಿ.

ಎರಡನೆಯ ಸಲ ಬೀದರ್‌ನಲ್ಲಿ ಬೇರೆ ಡಾಕ್ಟರ್ ಇದ್ದರು. ಅಣ್ಣ ಈ ಸಲವೂ ಇಸ್ತ್ರಿ ಧೋತರದಲ್ಲೇ ಬಂದಿದ್ದ, ಪದ್ಧತಿ ಬಿಡಲಿಲ್ಲ. ಆದರೆ ಬಾಗಿಲಲ್ಲಿ ನಿಂತು, “ನೀನೂ ಬಾ,” ಎಂದು ವೈನಿಯನ್ನು ಕರೆದ. ಮೊದಲ ಪ್ರಶ್ನೆಗೇ ಹೇಳಿಬಿಟ್ಟ: “ಇಕಿಗಿ ಕೇಳ್ರಿ ಸಾಹೇಬ್ರೆ. ಮಾಡಾಕಿ ಇಕಿ. ಹೇಳಾಕಿನೂ ಇಕೀನೇ ಆಗ್ಲಿ.”

ಡಾಕ್ಟರ್ ಅರ್ಜಿ ಓದಿ, ರುಮಾಲಿನ ಕಡೆ ನೋಡಿ, ಮೆಲ್ಲಗೆ ಕೇಳಿದರು: “ಬಿಚ್ಚಿ ಒಮ್ಮೆ ಸುತ್ತಿ ತೋರಿಸ್ತೀರಾ?”

ಅಣ್ಣ ಎಡಗೈಯಿಂದ ರುಮಾಲು ತೆಗೆದ. ಒಳಗೆ ನರ್ಸ್ ಇದ್ದರು, ಗುಮಾಸ್ತರಿದ್ದರು, ಬಾಗಿಲಾಚೆ ಸಾಲು ನಿಂತಿತ್ತು.

ಬರಿತಲೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಡಗೈಯಿಂದ ಒಂದು ಸುತ್ತು ಎಳೆದ. ಜಾರಿತು. ಇನ್ನೊಂದು ಎಳೆದ. ಜಾರಿತು. ಬಟ್ಟೆಯನ್ನು ವೈನಿಯ ಮಡಿಲಿಗೆ ಹಾಕಿದ. ವೈನಿ ಎದ್ದು, ಅಷ್ಟು ಜನರೆದುರು, ಅವನ ಎದುರಿಗೆ ನಿಂತು ಸುತ್ತತೊಡಗಿದರು. ಇದನ್ನು ನಾನು ಬಾಗಿಲಲ್ಲಿ ನಿಂತು ಕಂಡೆ. ಕೇಳಿದ್ದಲ್ಲ.

ಬೇಕಾದಷ್ಟು ಪ್ರಮಾಣ ಬಂತು. ಕಾರ್ಡ್ ಬಂತು. ಮಾಸಾಶನ ತಡವಾಗಿಯಾದರೂ ಮಂಜೂರಾಯಿತು. ಕಾರ್ಡ್‌ನ ಫೋಟೊದಲ್ಲೂ ಚುಂಗು ಎಡಕ್ಕೇ ಇದೆ. ಚಿತ್ರ ಉಲ್ಟಾ ಬಿದ್ದಿಲ್ಲ ಎಂದು ನಾನು ಖಚಿತವಾಗಿ ಹೇಳಬಲ್ಲೆ.

ಥೆರಪಿ ನಡೆದಿದೆ. ಹೆಬ್ಬೆರಳು ಅಂಗೈ ಬಿಟ್ಟು ಹೊರಗೆ ಬಂದಿದೆ. ಉಳಿದದ್ದಕ್ಕೆ ಫಿಜಿಯೋಥೆರಪಿಸ್ಟ್ ಯಾವ ಭರವಸೆಯನ್ನೂ ಕೊಡುವುದಿಲ್ಲ, ನಾವೂ ಕೇಳುವುದಿಲ್ಲ. ಬಂದಷ್ಟು ಬರಲಿ.

ಹೋದ ವಾರ ಎಕಂಬಾಕ್ಕೆ ಹೋಗಿದ್ದೆ. ಬೆಳಿಗ್ಗೆ ಅಣ್ಣ ಅಂಗಳದಲ್ಲೇ ಕೂತಿದ್ದ. ಬಾಗಿಲು ಹಾಕುವ ಮಾತಿಲ್ಲ. ರಸ್ತೆಯಲ್ಲಿ ಹೋಗುವವರು ನೋಡಿಕೊಂಡೇ ಹೋಗುತ್ತಿದ್ದರು. ನಾನು ರುಮಾಲಿನ ತುದಿ ಹಿಡಿದು ಆಚೆ ಹೋಗಿ ನಿಂತೆ. ಎಷ್ಟೋ ವರ್ಷದ ಮೇಲೆ.

“ವೈನಿ, ಹಿಂದ ನಿಂತು ಸುತ್ತರಿ,” ಎಂದೆ. “ಚುಂಗ ಬಲಕ್ಕ ಬೀಳ್ತದ.”

ವೈನಿಗೆ ಅದು ಹೊಳೆದೇ ಇರಲಿಲ್ಲ. ನಾಲಿಗೆ ಕಚ್ಚಿಕೊಂಡು ಹಿಂದೆ ಹೋದರು. ಒಂದು ಸುತ್ತು ಹಾಕಿದರು.

“ಬ್ಯಾಡ,” ಅಂದ ಅಣ್ಣ. “ಮುಂದ್ ಬಾ.”

“ಯಾಕ್ರಿ? ಸೀದಾ ಬರ್ತದಲ್ಲ, ಕುರಿಗೋಳು ಗುರ್ತ ಹಿಡೀತಾವ.”

“ಹಿಂದ ನಿಂತ್ರ ನಿನ್ ಮಾರಿ ಕಾಣಂಗಿಲ್ಲ.”

ವೈನಿ ನನ್ನ ಕಡೆ ನೋಡಲಿಲ್ಲ. ಸುತ್ತು ಬಿಚ್ಚಿ, ಮುಂದೆ ಬಂದು, ಮೊದಲಿನಿಂದ ಶುರು ಮಾಡಿದರು. ನಾನು ತುದಿ ಹಿಡಿದು ಒಂದೊಂದೇ ಹೆಜ್ಜೆ ಹತ್ತಿರ ಬಂದೆ.