ತಿಪ್ಪೇಶನ ಎತ್ತರದ ಗಾಡಿ

ಹುಲಿಕುಂಟೆಯ ತಿಪ್ಪೇಶನನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕುರಿ ಸಾಗಿಸುವ ಪಿಕಪ್ಪಿನ ಸ್ಪ್ರಿಂಗಿಗೆ ಕಬ್ಬಿಣದ ತುಂಡು ಸೇರಿಸಿ, ದೊಡ್ಡ ಟೈರು ಹಾಕಿಸಿ, ಅದರ ತಳವನ್ನು ನಮ್ಮ ಎದೆಮಟ್ಟಕ್ಕೆ ಎತ್ತರಿಸಿದ್ದಾನೆ. ಇರುವ ರಸ್ತೆ ಬಿಟ್ಟು ಬಂಡೆ ಹತ್ತಿಸುತ್ತಾನೆ, ಒಣಗಿದ ಕೆರೆಗೆ ನುಗ್ಗಿಸುತ್ತಾನೆ. ಎಂಜಿನ್ ತಿರುಗಿಸುವುದು ಹಿಂದಿನ ಎರಡು ಚಕ್ರವನ್ನು ಮಾತ್ರ. ಮರಳಲ್ಲಿ ಹೂತಾಗ ಕುರಿಗಳ ಜೊತೆ ಕೂತ ನಾವೇ ಇಳಿದು ತಳ್ಳಬೇಕು. "ಗಾಡೀದೇನ್ ತಪ್ಪಿಲ್ಲ ಕಣ್ಲಾ, ನಿಮ್ಗೇ ತಳ್ಳಾಕ್ ಬರಲ್ಲ" ಎನ್ನುತ್ತಾನೆ. ಹೋದ ವರ್ಷ ಸಿರಾ ಸಂತೆಯಲ್ಲಿ ದಾಸಮ್ಮನ ಗಬ್ಬದ ಕುರಿ ಆ ಎತ್ತರದಿಂದ ನೆಗೆದು ಕಾಲು ಮುರಿದುಕೊಂಡಿತು. "ನೆಗೆಯಾಕ್ ಬರ್ದಿರೋ ಕುರೀನ ಯಾಕ್ ತಂದೆ ಅಕ್ಕ" ಎಂದು ಅವಳನ್ನೇ ಗದರಿದ. ಗಾಡಿಯನ್ನಂತೂ ತಗ್ಗಿಸಲಿಲ್ಲ. ಆದರೆ ಅಂದಿನಿಂದ ಯಾವ ಕುರಿಯನ್ನೂ ನೆಗೆಯಲು ಬಿಡುವುದಿಲ್ಲ. ಒಂದೊಂದನ್ನೂ ಎದೆಗವಚಿಕೊಂಡು ತಾನೇ ಇಳಿಸುತ್ತಾನೆ. ಅಷ್ಟು ಹೊತ್ತು ಮಾತ್ರ ಅವನ ಬಾಯಿ ಮುಚ್ಚಿರುತ್ತದೆ.