ಪೋಸ್ಟ್ ಕಾರ್ಡಿನ ರಾಜ್ಯಗಳು

ಹೋದ ವಾರ ಮೊಮ್ಮಗಳು ಜಗಲಿಯ ಮೇಲೆ ಕಾಲು ಚಾಚಿ ಕೂತು ಮೊಬೈಲಿನಲ್ಲಿ ರಾಜ್ಯ ಆಳುತ್ತಿದ್ದಳು. ನೀವೂ ನೋಡಿರಬಹುದು ಆ ಆಟವನ್ನು. ಪರದೆಯ ತುಂಬ ಒಂದು ನಕ್ಷೆ, ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಎಲ್ಲೆಲ್ಲೋ ಕೂತವರು ಸೇರಿಕೊಂಡು ಗಡಿ ಕಾಯುವುದು, ಒಪ್ಪಂದ ಮಾಡಿಕೊಳ್ಳುವುದು, ಸಮಯ ನೋಡಿ ಅದನ್ನು ಮುರಿಯುವುದು. ನಾನು ಕನ್ನಡಕ ಏರಿಸಿಕೊಂಡು ಇಣುಕಿದೆ.

"ನಿನ್ನ ಪೂರ್ವದ ಗಡಿ ಬಡವಾಯ್ತಲ್ಲೇ" ಎಂದೆ.

"ಅಲ್ಲಿರೋದು ನನ್ ಫ್ರೆಂಡು ಅಜ್ಜ, ಒಪ್ಪಂದ ಆಗಿದೆ. ಆದ್ರೆ ಈಗ ನಾಟಕ ಶುರು ಮಾಡಿದಾಳೆ. ಜ್ವರ ಅಂತೆ, ಎರಡು ದಿನ ದಾಳಿ ಮಾಡ್ಬೇಡ ಅಂತ ಮೆಸೇಜು. ನಂಗೇನು ಗೊತ್ತಾಗಲ್ವಾ? ಇವತ್ತೇ ನುಗ್ತೀನಿ ನೋಡು."

"ಮೊದ್ಲು ಅವಳಿಗೆ ಫೋನ್ ಮಾಡು!"

ಧ್ವನಿ ಜೋರಾಯಿತೆಂದು ಕಾಣುತ್ತದೆ, ಒಳಗಿಂದ ಸೊಸೆ ಓಡಿ ಬಂದಳು. ಮೊಮ್ಮಗಳು ಮುಖ ಊದಿಸಿಕೊಂಡು ಫೋನ್ ಮಾಡಿದಳು. ಜ್ವರ ನಿಜವೇ. ಹುಡುಗಿ ಮಾತ್ರೆ ನುಂಗಿ ಮಲಗಿದ್ದಳಂತೆ. ಎರಡು ದಿನಕ್ಕೆ ಎದ್ದು ಓಡಾಡಿದಳು ಕೂಡ. ಅವರ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ನನಗೆ ಮಾತ್ರ ಆವತ್ತಿನಿಂದ ಊಟ ಸೇರಲಿಲ್ಲ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ. ಇಂಥದೇ ಒಂದು ಆಟದಲ್ಲಿ ನಾನು ಒಬ್ಬ ಸ್ನೇಹಿತನನ್ನು ಕಳೆದುಕೊಂಡೆ. ಕಳೆದುಕೊಂಡೆ ಎನ್ನುವುದೂ ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುವ ಮಾತು. ಅವನು ಬಾ ಎಂದು ಕರೆದ, ನಾನು ಹೋಗಲಿಲ್ಲ, ಅವನು ಸತ್ತ.

ಅದು ಅರವತ್ತರ ದಶಕದ ನಡುಭಾಗ. ನಾನು, ಚೌಡಪ್ಪ, ಶ್ರೀಪಾದ, ಮೂವರೂ ಶಿವಮೊಗ್ಗದಲ್ಲಿ ಮೇಷ್ಟ್ರ ತರಬೇತಿಗೆಂದು ಒಂದೇ ಕೋಣೆಯಲ್ಲಿದ್ದೆವು. ನಾನು ಸಾಗರದ ಪೇಟೆಯವನು. ಶ್ರೀಪಾದ ತೀರ್ಥಹಳ್ಳಿ ಕಡೆಯ ಅರ್ಚಕರ ಮನೆಯವನು. ಚೌಡಪ್ಪ ಶರಾವತಿ ದಡದ ಗೇಣಿ ಒಕ್ಕಲಿನ ಮಗ. ಅವನ ಕೈಯಲ್ಲಿ ನಕ್ಷೆ ಬರೆಯುವ ಕಲೆ ಇತ್ತು. ಒಂದು ಭಾನುವಾರ ಮಾಡಲು ಕೆಲಸವಿಲ್ಲದೆ ಡ್ರಾಯಿಂಗ್ ಹಾಳೆಯ ಮೇಲೆ ಎಲ್ಲೂ ಇಲ್ಲದ ಒಂದು ದೇಶವನ್ನು ಬರೆದ. ಹೊಳೆ, ಘಟ್ಟ, ಕೋಟೆ, ಕಣಿವೆ ಎಲ್ಲ ಅದರಲ್ಲಿದ್ದವು. ನಾವು ಅದನ್ನು ಮೂರು ಪಾಲು ಮಾಡಿ ಯುದ್ಧಕ್ಕೆ ಕೂತೆವು. ಹುಣಸೆ ಬೀಜ ನನ್ನ ಸೈನ್ಯ, ಗುಲಗಂಜಿ ಶ್ರೀಪಾದನದು, ಸೀತಾಫಲದ ಬೀಜ ಚೌಡಪ್ಪನದು.

ತನ್ನ ರಾಜಧಾನಿಗೆ ಚೌಡಪ್ಪ ಬಿಲ್ಲಿಕೊಪ್ಪ ಎಂದು ಹೆಸರಿಟ್ಟ. ಅದು ಅವನ ಹುಟ್ಟೂರು. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿದಾಗ ಊರು ಮುಳುಗಿತ್ತು. ಅಪ್ಪ ಅಮ್ಮ ಮೊದಲೇ ತೀರಿಕೊಂಡಿದ್ದರು, ಚಿಕ್ಕಪ್ಪಂದಿರು ದಿಕ್ಕಿಗೊಬ್ಬರಂತೆ ಎದ್ದು ಹೋಗಿದ್ದರು. "ಎಲ್ಲೂ ಇಲ್ದಿದ್ರೆ ಇಲ್ಲಾದ್ರೂ ಇರ್ಲಿ ಮಾರಾಯ" ಎಂದು ನಗುತ್ತಿದ್ದ. ರಜೆ ಬಂದರೆ ಹೋಗಲು ಅವನಿಗೆ ನಮ್ಮಿಬ್ಬರ ಮನೆ ಬಿಟ್ಟರೆ ಬೇರೆ ಇರಲಿಲ್ಲ.

ತರಬೇತಿ ಮುಗಿದು ನನಗೆ ಸಾಗರದಲ್ಲಿ, ಚೌಡಪ್ಪನಿಗೆ ಹೊಸನಗರದಲ್ಲಿ, ಶ್ರೀಪಾದನಿಗೆ ತೀರ್ಥಹಳ್ಳಿಯಲ್ಲಿ ಕೆಲಸವಾಯಿತು. ಮೂರು ರಾಜರಿಗೆ ಮೂರು ತಾಲ್ಲೂಕು ಎಂದು ಕುಣಿದಾಡಿದೆವು. ಚೌಡಪ್ಪ ನಕ್ಷೆಗೆ ಮೂರು ಪ್ರತಿ ತೆಗೆದ. ಅಲ್ಲಿಂದ ಮುಂದೆ ಯುದ್ಧವೆಲ್ಲ ಅಂಚೆಯಲ್ಲಿ. ಪ್ರತಿ ಶನಿವಾರ ಒಬ್ಬೊಬ್ಬರೂ ಎರಡು ಕಾರ್ಡು ಬರೆದು, ಯಾವ ಗಡಿಗೆ ಎಷ್ಟು ಸೈನ್ಯ ಕಳಿಸಿದೆ ಎಂದು ಇನ್ನಿಬ್ಬರಿಗೆ ತಿಳಿಸಬೇಕು. ಬಂದ ಕಾರ್ಡು ನೋಡಿಕೊಂಡು ನಮ್ಮ ನಮ್ಮ ನಕ್ಷೆಯ ಮೇಲೆ ಬೀಜ ಸರಿಸಬೇಕು. ಗುಟ್ಟಿನ ಒಪ್ಪಂದ ಇದ್ದರೆ ನೀಲಿ ಇನ್‌ಲ್ಯಾಂಡ್ ಲೆಟರಿನಲ್ಲಿ, ಅಂಟಿಸಿ.

ಕಾರ್ಡೆಂದರೆ ಬಿಚ್ಚು ಕಾಗದ, ಓದದೆ ಬಿಡುವವರು ಯಾರು? ಚೀನಾದ ಯುದ್ಧ ಮುಗಿದು ಬಹಳ ಕಾಲವಾಗಿರಲಿಲ್ಲ ಬೇರೆ. ಒಂದು ದಿನ ನಮ್ಮ ಪೋಸ್ಟ್ ಮಾಸ್ತರರು ನನ್ನನ್ನು ಕೌಂಟರಿನ ಪಕ್ಕಕ್ಕೆ ಕರೆದು, ಕನ್ನಡಕದ ಮೇಲಿಂದ ನೋಡುತ್ತ, "ಮೇಷ್ಟ್ರೇ, ತೀರ್ಥಹಳ್ಳಿಯಿಂದ ಎಂಟು ಸಾವಿರ ಕುದುರೆ ಹೊರಟಿದಾವಂತೆ. ಪೊಲೀಸ್ರಿಗೆ ಹೇಳ್ಬೇಕಾ, ನೀವೇ ಹುಲ್ಲು ಹಾಕ್ತೀರಾ?" ಎಂದರು. ನಾನು ಬೆವೆತು, ತಡವರಿಸಿ, ನಕ್ಷೆ ಬೀಜ ಎಂದೆಲ್ಲ ವಿವರಿಸಿದೆ. ಆಮೇಲೆ ಅವರಿಗೇ ರುಚಿ ಹತ್ತಿ, ಕಾರ್ಡು ಬಂದ ದಿನ ಯಾರು ಗೆದ್ದರೆಂದು ಅವರೇ ಮೊದಲು ಹೇಳುತ್ತಿದ್ದರು.

ನಿಯಮಗಳನ್ನು ಬರೆದವನು ನಾನು. ಮೂವರಲ್ಲಿ ಬುದ್ಧಿವಂತ ನಾನೇ ಎಂಬ ಜಂಬ ನನಗೆ ಆಗ ಬಹಳ ಇತ್ತು. ಒಂದು ನಿಯಮ: ಒಬ್ಬ ರಾಜನ ಕಾರ್ಡು ಸಾಲಾಗಿ ಮೂರು ಶನಿವಾರ ಬರದಿದ್ದರೆ ಅವನ ರಾಜ್ಯವನ್ನು ಉಳಿದಿಬ್ಬರು ಹಂಚಿಕೊಳ್ಳಬಹುದು. ಇನ್ನೊಂದು: ಕಾಗದದಲ್ಲಿ ಏನು ಸುಳ್ಳು ಬೇಕಾದರೂ ಬರೆಯಬಹುದು, ನಂಬಿದರೆ ನಂಬಿದವನ ತಪ್ಪು. ಚೌಡಪ್ಪನಿಗೆ ಈ ಎರಡನೆಯದು ಹಿಡಿಸಲಿಲ್ಲ. "ಎಂತ ಮಾರಾಯ, ಸುಳ್ಳು ಬರೆದ ಮೇಲೆ ನಿಜ ಬರೆಯೋದು ಹೆಂಗೆ?" ಎಂದು ಕೇಳಿದ. ಅದೇ ರಾಜನೀತಿ ಎಂದು ನಾನು ದೊಡ್ಡದಾಗಿ ಭಾಷಣ ಬಿಗಿದೆ.

ಆ ರಾಜನೀತಿಯನ್ನು ತೋರಿಸಿಯೂ ಕೊಟ್ಟೆ. ಒಂದು ಮಳೆಗಾಲ ಚೌಡಪ್ಪನ ಸೈನ್ಯ ನನ್ನ ಎರಡು ಕೋಟೆಗಳನ್ನು ಸುತ್ತುವರಿದಿತ್ತು. ನಾನು ಇನ್‌ಲ್ಯಾಂಡ್ ತೆಗೆದುಕೊಂಡು ಬರೆದೆ: "ಜ್ವರ ಬಂದು ಐದು ದಿನವಾಯಿತು. ತಲೆ ಎತ್ತಲು ಆಗುತ್ತಿಲ್ಲ. ಇದು ಆಟದ ಮಾತಲ್ಲ. ಈ ಶನಿವಾರ ದಾಳಿ ಬೇಡ." ಕಾಗದ ತಲುಪಿದ ಮಾರನೆಯ ದಿನವೇ ಚೌಡಪ್ಪ ಅರ್ಧ ದಿನ ಬಸ್ಸಿನಲ್ಲಿ ಕೂತು ಸಾಗರಕ್ಕೆ ಬಂದುಬಿಟ್ಟ. ಕೈಯಲ್ಲಿ ಚೀಲ, ಅದರಲ್ಲಿ ಅಮೃತಬಳ್ಳಿ, ಗಂಜಿಗೆ ಕುಚ್ಚಲಕ್ಕಿ, ಬಾಯಿಗೆ ರುಚಿ ಇರಲಿ ಎಂದು ಮಿಡಿ ಉಪ್ಪಿನಕಾಯಿ. ನಾನು ಆಗ ಶಾಲೆಯ ಕೊಟ್ಟಿಗೆಯಂಥ ಹಜಾರದಲ್ಲಿ ಪಂಚೆ ಎತ್ತಿ ಕಟ್ಟಿಕೊಂಡು ಹುಡುಗರ ಜೊತೆ ಚೆಂಡಾಡುತ್ತಿದ್ದೆ. ಅವನು ಬಾಗಿಲಲ್ಲಿ ನಿಂತು ನೋಡಿದ. ಬಯ್ಯುತ್ತಾನೆ ಎಂದುಕೊಂಡೆ, ಬಯ್ಯಲಿಲ್ಲ.

"ಹುಷಾರಿದೀಯಲ್ಲ, ಅಷ್ಟೇ ಸಾಕು ಬಿಡು" ಎಂದ.

ಅವನು ಸೈನ್ಯವನ್ನು ಹಿಂದಕ್ಕೆ ಕರೆಸಿಕೊಂಡೂ ಆಗಿತ್ತು. ಆ ಶನಿವಾರ ನಾನು ಅವನ ಕೋಟೆಗಳಿಗೇ ನುಗ್ಗಿದೆ. ಉಪ್ಪಿನಕಾಯಿ ಒಂದು ತಿಂಗಳು ಬಂತು, ನಾಚಿಕೆಯಿಲ್ಲದೆ ತಿಂದೆ.

ಮುಂದಿನ ಬೇಸಿಗೆಯ ಮೊದಲಿಗೆ ನಾನು ಶ್ರೀಪಾದನ ಜೊತೆ ಒಂದು ಗುಟ್ಟಿನ ಒಪ್ಪಂದ ಮಾಡಿಕೊಂಡೆ. ಚೌಡಪ್ಪ ಯುದ್ಧದಲ್ಲಿ ದಡ್ಡ, ಆದರೆ ಅವನ ಕಾಗದ ಓದಿದರೆ ನಮ್ಮಿಬ್ಬರಿಗೂ ಕೈ ಏಳುತ್ತಿರಲಿಲ್ಲ. ಸೈನ್ಯದ ವಿಷಯ ಒಂದು ಸಾಲು, ಊಟ ಮಾಡಿದೆಯಾ, ಅಮ್ಮನ ಕಾಲು ನೋವು ಹೇಗಿದೆ ಎಂದು ಹತ್ತು ಸಾಲು. ಅದಕ್ಕೇ ನಾನು ಷರತ್ತು ಹಾಕಿದೆ. ಎರಡು ತಿಂಗಳು ಅವನ ಕಾಗದಕ್ಕೆ ಇಬ್ಬರೂ ಉತ್ತರ ಬರೆಯಬಾರದು, ಅವನ ಊರಿಗೆ ಹೋಗಬಾರದು, ಎರಡು ಕಡೆಯಿಂದ ಒತ್ತಿ ಮುಗಿಸಿಬಿಡಬೇಕು. ಶ್ರೀಪಾದ ಅರ್ಚಕರ ಮಗ, ಮಾತು ಕೊಟ್ಟರೆ ಕೊಟ್ಟಂತೆ. ಅವನ ಕೈಲಿ ಆಣೆ ಬರೆಸಿಕೊಂಡೆ.

ಮಾರ್ಚಿನಲ್ಲಿ ಹೊಸನಗರದಿಂದ ಒಂದು ಕಾರ್ಡು ಬಂತು. ಯಾವಾಗಲೂ ಮುತ್ತು ಪೋಣಿಸಿದಂತೆ ಬರೆಯುವವನ ಅಕ್ಷರ ಸೊಟ್ಟಗಿತ್ತು. "ಜ್ವರ ಬಂದು ಐದು ದಿನ ಆಯ್ತು. ತಲೆ ಎತ್ತಕ್ಕೆ ಆಗ್ತಿಲ್ಲ. ಇದು ಆಟದ ಮಾತಲ್ಲ. ಒಂದ್ಸಲ ಬಂದು ಹೋಗು."

ಓದಿ ನಾನು ಗಟ್ಟಿಯಾಗಿ ನಕ್ಕೆ. ಅಂತೂ ಕಲಿತನಲ್ಲ ಚೌಡ! ನನ್ನ ಮಾತುಗಳನ್ನೇ ನನಗೆ ತಿರುಗಿಸಿ ಬರೆದಿದ್ದಾನೆ, ಸೊಟ್ಟ ಅಕ್ಷರ ಬೇರೆ! ಪೋಸ್ಟ್ ಮಾಸ್ತರರು ಮಾತ್ರ, "ಯಾಕೋ ಇದು ಬೇರೆ ಥರ ಕಾಣ್ತದೆ ಮೇಷ್ಟ್ರೇ" ಎಂದರು. ನಿಮಗೆ ಅವನ ವಿಷಯ ಗೊತ್ತಿಲ್ಲ ಎಂದು ಅವರ ಬಾಯಿ ಮುಚ್ಚಿಸಿದೆ. ಅವರಿಗೆ ಗೊತ್ತಾಗಿತ್ತು, ನನಗೇ ಗೊತ್ತಿರಲಿಲ್ಲ. ತನ್ನ ಸಂಕಟ ಹೇಳಿಕೊಳ್ಳಲು ಅವನಿಗೆ ಇದ್ದದ್ದು ಅವೇ ನಾಲ್ಕು ಮಾತು, ಅವನ್ನು ನಾನು ಸುಳ್ಳಿಗೆ ಖರ್ಚು ಮಾಡಿ ಕೂತಿದ್ದೆ.

ಆ ಶನಿವಾರ ಅವನ ಸೈನ್ಯದ ಕಾರ್ಡು ಬರಲಿಲ್ಲ. ಮರು ಶನಿವಾರ ಇಲ್ಲ, ಅದರ ಮುಂದಿನದೂ ಇಲ್ಲ. ನಿಯಮದಂತೆ ನಾನು ಅವನ ರಾಜ್ಯವನ್ನು ಪಾಲು ಮಾಡಿದೆ. ಹೊಳೆಯ ಉತ್ತರಕ್ಕೆ ನನ್ನದು, ದಕ್ಷಿಣಕ್ಕೆ ಶ್ರೀಪಾದನದು. ಬಿಲ್ಲಿಕೊಪ್ಪ ಉತ್ತರ ದಡದಲ್ಲಿತ್ತು. ಸೀತಾಫಲದ ಬೀಜಗಳನ್ನು ಒಂದೊಂದಾಗಿ ಎತ್ತಿ ಅಲ್ಲಿ ಹುಣಸೆ ಬೀಜ ಇಟ್ಟೆ. ಪಾಲಿನ ಪತ್ರ ಬರೆದು ಕಳಿಸಿದ್ದಕ್ಕೆ ಶ್ರೀಪಾದ ಸಹಿ ಹಾಕಿ ಪ್ರತಿ ವಾಪಸು ಕಳಿಸಿದ, ಬೇರೆ ಒಂದಕ್ಷರ ಬರೆದಿರಲಿಲ್ಲ.

ಎರಡು ದಿನ ಬಿಟ್ಟು ಚೌಡಪ್ಪನ ಹೆಡ್ ಮಾಸ್ತರರ ಕಾಗದ ಬಂತು. ಅವನು ತೀರಿಕೊಂಡು ಹನ್ನೆರಡು ದಿನವಾಗಿತ್ತು. ಯಾವ ಜ್ವರವೆಂದು ಯಾರಿಗೂ ಖಚಿತವಿಲ್ಲ. ಕೆಲವರು ವಿಷಮಶೀತ ಎಂದರಂತೆ, ಕೆಲವರು ಮಂಗನ ಕಾಯಿಲೆ ಎಂದರಂತೆ. ಆ ಕಾಗದದ ಒಂದು ಭಾಗ ನನಗೆ ಬಾಯಿಪಾಠ ಬರುತ್ತದೆ. "ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಸಾಗಿಸೋಣವೆಂದು ನಾವು ಹೇಳಿದೆವು. ಸಾಗರದಿಂದ ನನ್ನವನು ಬರುತ್ತಾನೆ, ಅವನೇ ಕರೆದುಕೊಂಡು ಹೋಗುತ್ತಾನೆ ಎಂದು ಅವರು ಹಟ ಹಿಡಿದರು. ಅದಕ್ಕೆ ಕಾದೆವು. ಕೊನೆಯ ದಿನವೂ ಸಾಗರದ ಬಸ್ಸು ಬಂತೇ ಎಂದು ಕೇಳುತ್ತಿದ್ದರು."

ಕಾಗದ ಓದಿದಾಗ ಅತ್ತೆನೇ ಎಂದು ಕೇಳಿದರೆ, ಇಲ್ಲ. ಹೆದರಿದೆ. ಯಾರಿಗೆ ಗೊತ್ತಾಗುತ್ತದೋ ಎಂದು ಹೆದರಿ ಅವನ ಕಾರ್ಡನ್ನು ಬಚ್ಚಲೊಲೆಗೆ ಹಾಕಿದೆ. ಅಷ್ಟು ಸಣ್ಣ ಮನುಷ್ಯ ನಾನು.

ಆಮೇಲೆ ನಾನೂ ಶ್ರೀಪಾದನೂ ಆಡಲಿಲ್ಲ. ಮದುವೆ ಮುಂಜಿಗಳಲ್ಲಿ ಸಿಕ್ಕರೆ ಮಳೆ, ಬೆಳೆ, ಮಕ್ಕಳು, ಅಷ್ಟೇ ಮಾತು. ಹೊಸನಗರಕ್ಕೆ ನಾನು ಕಾಲಿಡಲಿಲ್ಲ. ಚೌಡಪ್ಪನಿದ್ದಾಗಲೂ ಅವನೇ ಬರುತ್ತಿದ್ದನೇ ಹೊರತು ನಾನು ಅವನ ಕೋಣೆಯನ್ನು ಒಮ್ಮೆಯೂ ನೋಡಿರಲಿಲ್ಲ. ತೀರ್ಥಹಳ್ಳಿಗೆ ಹೋಗಬೇಕಾದರೂ, ನೇರ ದಾರಿಯಲ್ಲಿ ಹೊಸನಗರ ಸಿಗುತ್ತದೆಂದು, ಶಿವಮೊಗ್ಗದ ಮೇಲೆ ಸುತ್ತು ಹಾಕಿಕೊಂಡು ಹೋಗುತ್ತಿದ್ದೆ. ಇಷ್ಟು ವರ್ಷ ನಾನು ಬದುಕಿದ್ದು ಒಂದೇ ಒಂದು ಸಮಾಧಾನದಲ್ಲಿ: ಶ್ರೀಪಾದನಿಗೂ ಕಾರ್ಡು ಬಂದಿರಲೇಬೇಕು, ಅವನೂ ಹೋಗಲಿಲ್ಲ. ತಪ್ಪಿನಲ್ಲಿ ಅರ್ಧ ಅವನದು. ಸತ್ತವನ ರಾಜ್ಯವನ್ನು ಹಂಚಿದ ಹಾಗೆ ತಪ್ಪನ್ನೂ ಹಂಚಿಕೊಂಡು, ನನ್ನ ಪಾಲಿನದನ್ನು ಮಾತ್ರ ಹೊತ್ತುಕೊಂಡಿದ್ದೆ.

ಮೊಮ್ಮಗಳ ಫೋನಿನ ಗಲಾಟೆಯಾದ ಮೇಲೆ ತಡೆಯಲಾಗಲಿಲ್ಲ. ಮೊನ್ನೆ ತೀರ್ಥಹಳ್ಳಿಗೆ ಹೋದೆ, ಅದೇ ಶಿವಮೊಗ್ಗದ ಸುತ್ತು ದಾರಿಯಲ್ಲಿ. ಶ್ರೀಪಾದನಿಗೆ ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ. ಅವನ ಸೊಸೆ ಕಾಫಿ ಇಟ್ಟು ಒಳಗೆ ಹೋದ ಮೇಲೆ ಕೇಳಿಯೇಬಿಟ್ಟೆ.

"ನಿಂಗೂ ಕಾರ್ಡ್ ಬಂದಿತ್ತಲ್ಲ ಶ್ರೀಪಾದ. ನೀನ್ಯಾಕೆ ಹೋಗ್ಲಿಲ್ಲ?"

ಅವನು ಲೋಟ ಕೆಳಗಿಟ್ಟ. "ಹೊರಟಿದ್ನಲ್ಲೋ. ರಜೆ ಚೀಟಿ ಬರೆದಿಟ್ಟು ಬಸ್ ಹತ್ತಿ ಕೂತಿದ್ದೆ. ಅಮ್ಮ ಗಂಜಿಗೆ ಅಂತ ಅಕ್ಕಿ ಕಟ್ಟಿ ಕೊಟ್ಟಿದ್ಲು. ಬಸ್ ಬಿಡೋ ಹೊತ್ತಿಗೆ ಪೋಸ್ಟ್‌ಮ್ಯಾನ್ ನನ್ನ ನೋಡಿ, ಕಿಟಕೀಲಿ ನಿನ್ನ ಕಾಗದ ಕೊಟ್ಟ."

"ನನ್ನ ಕಾಗದವಾ?"

"ಹೌದು ಮಾರಾಯ. ಚೌಡನ ಜ್ವರದ ಕಾರ್ಡು ನಿನಗೂ ಬಂದಿರುತ್ತದೆ, ಮೋಸ ಹೋಗಬೇಡ, ನಾನು ಬರೆದದ್ದನ್ನೇ ಕಾಪಿ ಹೊಡೆದಿದ್ದಾನೆ, ಮಾಡಿದ ಆಣೆ ನೆನಪಿರಲಿ ಅಂತ ನೀನು ಬರೆದಿದ್ದೆ. ಓದಿ ನಾನು ಇಳಿದ್ಬಿಟ್ಟೆ."

ದೇವರಾಣೆಗೂ ಹೇಳುತ್ತೇನೆ, ಆ ಕಾಗದ ಬರೆದದ್ದು ನನಗೆ ನೆನಪೇ ಇರಲಿಲ್ಲ. ಅವನು ಹೇಳುತ್ತಿದ್ದಂತೆ ಒಂದೊಂದು ಸಾಲೂ ನೆನಪಾಯಿತು. ಬರೆಯುವಾಗ ನಾನು ಸಿಳ್ಳೆ ಹಾಕುತ್ತಿದ್ದದ್ದೂ ನೆನಪಾಯಿತು.

"ಇಷ್ಟು ವರ್ಷ ಯಾಕೋ ಹೇಳ್ಲಿಲ್ಲ?"

"ಹೇಳೋದೆಂತ? ಬರೆದವ್ನು ನೀನೇ ಅಲ್ವಾ. ನಿಂಗೆ ನೆನಪಿರುತ್ತೆ ಅಂತ ಮಾಡಿದ್ದೆ."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಕಾಫಿ ಹಾಗೇ ಬಿಟ್ಟು ಎದ್ದು ಬಂದೆ.

ವಾಪಸು ಬರುವಾಗ ಸುತ್ತು ದಾರಿ ಹಿಡಿಯುವ ಮನಸ್ಸಾಗಲಿಲ್ಲ. ಸಿಕ್ಕ ಬಸ್ಸು ಹೊಸನಗರದ ಮೇಲೆ ಹೋಗುವುದಾಗಿತ್ತು. ಅಲ್ಲಿ ನಿಲ್ದಾಣದಲ್ಲಿ ಹತ್ತು ನಿಮಿಷ ನಿಲ್ಲುತ್ತದೆ ಎಂದರು, ಇಳಿದೆ. ಮಟ ಮಟ ಮಧ್ಯಾಹ್ನ. ತಾಲ್ಲೂಕು ಕಚೇರಿಗೆ ಬಂದವರು ಕಾಗದ ಹಿಡಿದು ನೆರಳಲ್ಲಿ ಕೂತಿದ್ದರು. ಪೇಟೆ ಬೀದಿ, ಬಟ್ಟೆ ಅಂಗಡಿಯ ಹಿಂದಿನ ಕೋಣೆ ಎಂದು ವಿಳಾಸ ಎಷ್ಟು ಸಲ ಬರೆದಿದ್ದೆನೋ ಲೆಕ್ಕವಿಲ್ಲ. ಈಗ ಅದು ಯಾವ ಅಂಗಡಿ, ಅವನನ್ನು ಸುಟ್ಟರೋ ಹೂಳಿದರೋ, ಯಾರು ಹೆಗಲು ಕೊಟ್ಟರೋ, ಯಾರನ್ನು ಕೇಳಲಿ?

ಕಂಡಕ್ಟರ್ ಹುಡುಗಿ ಬಾಗಿಲಲ್ಲಿ ನಿಂತು ಕೂಗಿದಳು. "ಅಜ್ಜಾ, ಸಾಗರ ಅಲ್ವಾ ನಿಮ್ದು? ಹತ್ತಿ, ಬಿಡ್ತೀವಿ."

"ನೀವು ಹೋಗಿ ತಂಗಿ" ಎಂದೆ. "ಇಲ್ಲಿ ನಮ್ಮವನೊಬ್ಬನಿಗೆ ಹುಷಾರಿಲ್ಲ. ನೋಡ್ಕಂಡು ಬರ್ತೀನಿ."