ಕತ್ತರಿಸಿದ ಹತ್ತು ಸೆಕೆಂಡು

ಮೂವತ್ತು ವರ್ಷ ಹೊಳೆ, ಸಂತೆ, ರೈಲುಗಳ ಸದ್ದನ್ನು ಟೇಪಿಗೆ ಹಿಡಿದು ಸಿನಿಮಾದವರಿಗೆ ಕೊಟ್ಟ ಮೇಷ್ಟ್ರಿಗೆ ಮನುಷ್ಯರ ಮೇಲೆ ಅಂಥ ಒಲವೇನೂ ಇರಲಿಲ್ಲ. ಮನುಷ್ಯರು ಕೆಮ್ಮುತ್ತಾರೆ, ಚಪ್ಪಲಿ ಎಳೆಯುತ್ತಾರೆ, ಒಳ್ಳೇ ಮೌನವನ್ನು ಕೆಡಿಸುತ್ತಾರೆ.

ಮಹಡಿಯ ಮೇಲೆ ಬಾಡಿಗೆಗಿದ್ದ ಸಂಗೀತ ನಿರ್ದೇಶಕನನ್ನು ಕಂಡರಂತೂ ಮೂಗು ಮುರಿಯುತ್ತಿದ್ದರು. ಅವನಿಗೆ ಇಟ್ಟ ಹೆಸರು ಜುಟ್ಟು. ಎಲ್ಲಿಂದಲೋ ತಂದ ಹೊಳೆಯ ಸದ್ದಿನ ಕೆಳಗೆ ಹಳೇ ಸಿಂಥಸೈಜರಿನ ಗುಂಯ್‌ಗುಡುವ ಶ್ರುತಿ, ಮೇಲೆ ಕಂಪ್ಯೂಟರಿನ ತಾಳ, ಇದು ಜುಟ್ಟಿನ ಸಂಗೀತ. ಯಾವುದೇ ಹಳೇ ಟೇಪಿನಲ್ಲಿ ತಾನಾಗಿ ಇದ್ದ 'ಸ್ಸ್' ಸದ್ದನ್ನು ಅವನು ಕಂಪ್ಯೂಟರಿನಲ್ಲಿ ಒರೆಸಿ ತೆಗೆಯುತ್ತಿದ್ದ. ಆಮೇಲೆ ಹಳೇ ಕಾಲದ ಕಳೆ ಬರಲಿ ಎಂದು, ಅಂಗಡಿಯಿಂದ ಕೊಂಡ 'ಸ್ಸ್' ಅನ್ನು ಮೇಲೆ ಬಳಿಯುತ್ತಿದ್ದ. ತಲೆ ಬೋಳಿಸಿಕೊಂಡು ವಿಗ್ಗು ಹಾಕಿಕೊಂಡ ಹಾಗೆ ಎಂದು ಮೇಷ್ಟ್ರು ಊಟದ ನಡುವೆ ಹೆಂಡತಿಗೆ ಹೇಳಿ ತಾವೇ ನಗುತ್ತಿದ್ದರು.

ತಮ್ಮ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ, ಅವು ತುಂಬಿದ್ದ ಎರಡು ಪೆಟ್ಟಿಗೆಗಳನ್ನು ಮೇಷ್ಟ್ರು ಜುಟ್ಟಿಗೇ ಕೊಟ್ಟಿದ್ದರು. ಹಣ್ಣು ತಿಂದಾಗಿದೆ, ಸಿಪ್ಪೆ ನಿನಗಿರಲಿ ಎಂದಿದ್ದರು.

ಪ್ರತಿ ಟೇಪಿನ ಆರಂಭದಲ್ಲಿ ಜಾಗ, ಹೊತ್ತು, ಗಾಳಿಯ ವಿವರ ಹೇಳಿಡುವುದು ಕಸುಬಿನ ರೂಢಿ. ಅದನ್ನು ಹೇಳುತ್ತಿದ್ದವಳು ಕೊಡೆ ಹಿಡಿದು ಜೊತೆಗೆ ಬರುತ್ತಿದ್ದ ಹೆಂಡತಿ. ಇಳಿಸಿಕೊಳ್ಳುವಾಗ ಆ ಮೊದಲ ಹತ್ತು ಸೆಕೆಂಡನ್ನು ಫೈಲಿನಿಂದ ಕತ್ತರಿಸುವುದು ಮೇಷ್ಟ್ರ ಶಿಸ್ತು.

ಈ ಚಳಿಗಾಲದಲ್ಲಿ ಹೆಂಡತಿಯ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಾಳೆ. ತುಂಬು ಬಸುರಿ ಮಗಳು ಕೇಳಿದಳು: "ಅಪ್ಪಾ, ಅಮ್ಮನ ಹಳೇ ದನಿ ಎಲ್ಲಾದ್ರೂ ಇದೆಯಾ? ಮೊಬೈಲಲ್ಲಿರೋದೆಲ್ಲ ಕಾಯಿಲೆ ದನಿ. ಮಗು ಕೇಳ್ಬೇಕಲ್ಲಪ್ಪ."

ಮೇಷ್ಟ್ರು ಮೂರು ದಿನ ಕಂಪ್ಯೂಟರ್ ಜಾಲಾಡಿದರು. ಇನ್ನೂರು ಚಿಲ್ಲರೆ ಫೈಲು. ಒಂದೊಂದೂ ಅವಳ ಮಾತು ಮುಗಿದ ಮರುಕ್ಷಣ ಶುರುವಾಗುತ್ತಿತ್ತು. ಅಷ್ಟು ಚೊಕ್ಕ ಕೆಲಸ.

ಕೊನೆಗೆ ಮೆಟ್ಟಿಲು ಹತ್ತಿದರು. ಟೇಪುಗಳನ್ನು ಏನು ಮಾಡಿದೆ, ಕತ್ತು ಕುಯ್ದೆಯೋ ಎಂದೇ ಮಾತು ತೆಗೆದರು.

"ಹೊಳೆ ಸದ್ದು ಎಲ್ಲಾದ್ರೂ ಸಿಗುತ್ತೆ ಮೇಷ್ಟ್ರೇ, ನಿಮ್ಮ ಟೇಪಿನದನ್ನ ಮುಟ್ಲಿಲ್ಲ," ಎಂದ ಜುಟ್ಟು. "ಅಮ್ಮ ಹೇಳೋದನ್ನ ಮಾತ್ರ ನನ್ನ ಸಂಗೀತಕ್ಕೆ ತಗೊಂಡೆ. ಇನ್ನೂರು ಚಿಲ್ಲರೆ ಇವೆ."

ಅವನು ಶ್ರುತಿ, ತಾಳ ಎರಡನ್ನೂ ನಿಲ್ಲಿಸಿ ಬರೀ ದನಿ ಹಾಕಿದ.

"ಹಳೇ ಸೇತುವೆ. ಬೆಳಗ್ಗೆ ಆರೂವರೆ. ಗಾಳಿ ಇಲ್ಲ. ಇವರಿಗೆ ಚಳಿ ಆಗ್ತಿದೆ, ಹೇಳಲ್ಲ."

ಹಿಂದೆಯೇ ಗಂಡು ದನಿಯೊಂದು ಗದರಿತು: "ಸಾಕು ಮಾಡೇ. ನಿನ್ನಿಂದ ಟೇಪು ದಂಡ."

ಎಂಥ ಒರಟು ಗಂಟಲು. ಇಂಥವನನ್ನು ಬೇರೆ ಯಾರ ಟೇಪಿನಲ್ಲಿ ಕೇಳಿದ್ದರೂ ಮೇಷ್ಟ್ರು ಥೂ ಎನ್ನುತ್ತಿದ್ದರು. ಇನ್ನೊಂದು ಹಾಕಿಸಿದರು, ಮತ್ತೊಂದು. ಎಲ್ಲದರ ಬಾಲದಲ್ಲೂ ಅದೇ ಗದರಿಕೆ.

"ಆ ಗಂಡಸಿನ ದನಿ ತೆಗೆದುಬಿಡು," ಎಂದರು, ಗೋಡೆ ನೋಡುತ್ತ.

"ಆಗಲ್ಲ ಮೇಷ್ಟ್ರೇ. ನೀವು ಬೈಯೋವಾಗಲೇ ಅಮ್ಮ ನಗ್ತಾರೆ. ಒಂದರ ಮೇಲೊಂದು ಕೂತುಬಿಟ್ಟಿವೆ. ನಿಮ್ಮನ್ನ ತೆಗೆದ್ರೆ ನಗೂನೂ ಹೋಗುತ್ತೆ."

ಮೇಷ್ಟ್ರು ಮತ್ತೊಮ್ಮೆ ಕೇಳಿದರು. ಹೌದು, ಬೈಗುಳದ ಅಡಿಯಲ್ಲಿ ಸಣ್ಣಗೆ ನಗುತ್ತಿದ್ದಳು. ಇಷ್ಟು ವರ್ಷ ಆ ನಗು ಅವರ ಕಿವಿಗೆ ಬಿದ್ದೇ ಇರಲಿಲ್ಲ.

ನಿನ್ನ ಸ್ಪೀಕರು ದರಿದ್ರವಾಗಿದೆ ಎಂದು ಗೊಣಗಿ, ಪೆನ್‌ಡ್ರೈವಿಗಾಗಿ ಕೈ ಚಾಚಿದರು.

"ಇದ್ದ ಹಾಗೇ ಹಾಕ್ಕೊಡು. ಆ 'ಸ್ಸ್' ಇದೆಯಲ್ಲ, ಅದನ್ನೂ ಒರೆಸ್ಬೇಡ."